ಊರವರ ಚಳಕು, ನನ್ನ ಟೊಂಕ

ನಾನು ತಾಯಿಯ ಹೊಟ್ಟೆಯಿಂದ ಕಾಲು ಮುಂದೆ ಮಾಡಿಕೊಂಡು ಬಂದವಳು. ನನ್ನನ್ನು ಹೆರುವಾಗ ಅವ್ವ ಸತ್ತು ಬದುಕಿದಳಂತೆ. ಆದರೆ ಅವಳ ಗೋಳು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಸೂಲಗಿತ್ತಿಯಿಂದ ಹಿಡಿದು ಓಣಿಯ ಹೆಂಗಸರವರೆಗೆ ಎಲ್ಲರೂ ನನ್ನ ಅಂಗಾಲು ನೋಡುವುದರಲ್ಲೇ ಇದ್ದರಂತೆ. ನಮ್ಮ ಸೀಮೆಯಲ್ಲಿ ಹೀಗೆ ಹುಟ್ಟಿದವರ ಕಾಲಿಗೆ ಬಹಳ ಬೆಲೆ. ಯಾರಿಗಾದರೂ ಟೊಂಕಕ್ಕೆ ಚಳಕು ಹಿಡಿದು, ಬಗ್ಗಿದವರು ಏಳಲಾರದೆ, ಎದ್ದವರು ಬಗ್ಗಲಾರದೆ ನಡು ಹಿಡಿದುಕೊಂಡು ನಿಂತರೆ, ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳಬೇಕು. ಒದೆ ಬಿದ್ದರೆ ಚಳಕು ಬಿಡುತ್ತದೆ ಎಂಬ ನಂಬಿಕೆ. ಮುಧೋಳದ ನನ್ನ ತವರಿನಲ್ಲಿ ನಾನು ನೆಲದ ಮೇಲೆ ಸರಿಯಾಗಿ ನಡೆಯುವ ಮೊದಲೇ ದೊಡ್ಡವರ ಬೆನ್ನಿನ ಮೇಲೆ ನಡೆದಿದ್ದೇನೆ.

ನನ್ನ ಮದುವೆಯೂ ಆ ಕಾಲಿನಿಂದಲೇ ಕೂಡಿಬಂತು. ಬನಹಟ್ಟಿಯ ನೇಕಾರರ ಮನೆಯ ಹೆಂಗಸೊಬ್ಬಳು ನಂಟರ ಮನೆಗೆಂದು ಮುಧೋಳಕ್ಕೆ ಬಂದಿದ್ದಳು. ಬಾವಿಯಲ್ಲಿ ಕೊಡ ಎತ್ತುವಾಗ ಚಳಕು ಹಿಡಿದು, ಇಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದಳು. ನಾನು ಒದ್ದೆ. ಅವಳು ನೆಟ್ಟಗಾಗಿ ನಿಂತು, ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ನಮ್ಮಪ್ಪನ ಹತ್ತಿರ ತನ್ನ ಮಗನಿಗೆ ನನ್ನನ್ನು ಕೇಳಿಯೇಬಿಟ್ಟಳು. ಬೇರೆ ಹುಡುಗಿಯರನ್ನು ಮುಖ ನೋಡಿ ಆರಿಸುತ್ತಾರೆ. ನನ್ನನ್ನು ಒದೆ ತಿಂದು ಆರಿಸಿದರು. ಅತ್ತೆಯಾಗುವವಳನ್ನು ಮೊದಲ ಭೇಟಿಯಲ್ಲೇ ಒದ್ದು, ಅದಕ್ಕೆ ಹೊಗಳಿಸಿಕೊಂಡವಳು ನಾನೊಬ್ಬಳೇ ಇರಬೇಕು.

ಬನಹಟ್ಟಿಯಲ್ಲಿ ನಮ್ಮ ಮನೆ ಎಂದರೆ ಒಂದು ಪಡಸಾಲೆ, ಪಡಸಾಲೆಯಲ್ಲಿ ಎರಡು ಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗಗಳು. ಒಂದು ಕುಣಿ ನನ್ನ ಗಂಡನದು, ಇನ್ನೊಂದು ಮಾವನದಾಗಿತ್ತು. ಮಾವ ತೀರಿಕೊಂಡ ಮೇಲೆ ಅದರಲ್ಲಿ ಕೂಡುವವರು ಇರಲಿಲ್ಲ. ಸೊಸೆಯಾಗಿ ಬಂದ ನಾನು ಮೊದಲು ರಾಟೆ ತಿರುಗಿಸಿ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಸುತ್ತುತ್ತ ಸುತ್ತುತ್ತ ಕಣ್ಣೆಲ್ಲ ಆ ಖಾಲಿ ಕುಣಿಯ ಮೇಲೆ. ಒಂದು ದಿನ ಕೇಳದೆ ಹೇಳದೆ ಇಳಿದು ಕೂತೆ. ನನ್ನ ಗಂಡ ಕಡಿಮೆ ಮಾತಿನವರು. ಬೇಡವೆನ್ನದೆ ಲಾಳಿ ಹೇಗೆ ಎಸೆಯಬೇಕು, ಯಾವ ಹಲಗೆ ಯಾವಾಗ ತುಳಿಯಬೇಕು ಎಂದು ತೋರಿಸಿಕೊಟ್ಟರು. ವರ್ಷ ತುಂಬುವುದರೊಳಗೆ ನಾನು ನೇಯ್ದ ಸೀರೆಯ ಅಂಚಿನ ದಡಿಯನ್ನು ನೂಲಿನ ಸಾವಕಾರರು ಕಣ್ಣುಮುಚ್ಚಿ ಬೆರಳಿನಿಂದ ಸವರಿಯೇ ಗುರುತು ಹಿಡಿಯುತ್ತಿದ್ದರು. ಹುಟ್ಟಿನಿಂದ ಬಂದ ಕಾಲಿಗೆ ಊರೆಲ್ಲ ಕೈಮುಗಿಯುತ್ತಿತ್ತು, ಆದರೆ ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನಿದೆ? ದಡಿ ಮಾತ್ರ ನಾನು ಕಲಿತದ್ದು. ಅದರ ಮೇಲೆ ನನಗೆ ಜೀವ.

ಅತ್ತೆಗೆ ಜೀವ ಇದ್ದದ್ದು ಕಾಲಿನ ಮೇಲೆ. ಭಾನುವಾರ ಮತ್ತು ಅಮಾವಾಸ್ಯೆ ಬಂತೆಂದರೆ ನಮ್ಮ ಕಟ್ಟೆಯ ಮುಂದೆ ಜನ. ರಬಕವಿ ನಮಗೆ ಕೂಗಳತೆಯ ಊರು, ಆದರೆ ಸಂಸ್ಥಾನ ಬೇರೆ. ನಮ್ಮ ರಾಜರು ಬೇರೆ, ಅವರ ರಾಜರು ಬೇರೆ. ಚಳಕಿಗೆ ಆ ಗಡಿ ಗೊತ್ತಿರಲಿಲ್ಲ. ಅಲ್ಲಿಂದಲೂ ಬರುತ್ತಿದ್ದರು, ತೇರದಾಳದಿಂದಲೂ ಬರುತ್ತಿದ್ದರು. ಬಂದವರು ಕಟ್ಟೆಯ ಕಂಬ ಹಿಡಿದು ಬೆನ್ನು ಬಾಗಿಲ ಕಡೆ ಮಾಡಿ ಬಗ್ಗುವುದು. ನಾನು ಹೊಸ್ತಿಲ ಒಳಗೆ ಬಲಗಾಲ ಮೇಲೆ ನಿಂತು, ಎಡಗಾಲಿನಿಂದ ಹೊಸ್ತಿಲಾಚೆಗೆ ಮೂರು ಸಲ ಒದೆಯುವುದು. ದುಡ್ಡು ಮುಟ್ಟುವ ಹಾಗಿಲ್ಲ, ಎಲೆ ಅಡಿಕೆ ಮಾತ್ರ. ಅತ್ತೆ ಪಕ್ಕದಲ್ಲಿ ನಿಂತು ಬಂದವರ ಕುಲಗೋತ್ರ ವಿಚಾರಿಸುತ್ತ, ಎಲೆ ಮಡಿಚಿ ಬಾಯಿಗೆ ಹಾಕಿಕೊಳ್ಳುತ್ತ, ದರಬಾರು ನಡೆಸಿದ ಹಾಗೆ ನಡೆಸುತ್ತಿದ್ದಳು.

ಹೀಗಿರುವಾಗ ನನ್ನ ಟೊಂಕವೇ ಕೈಕೊಟ್ಟಿತು.

ಎರಡನೆಯ ಬಾಣಂತನ ಮುಗಿಸಿ ಮಗ್ಗಕ್ಕೆ ಮರಳಿದ ಮೇಲೆ ಶುರುವಾದದ್ದು. ಬಲಗಡೆ, ಟೊಂಕದ ಕೆಳಗೆ, ಹೆಬ್ಬೆಟ್ಟು ಕೂಡುವಷ್ಟು ಒಂದು ಗುಳಿ ಇದೆಯಲ್ಲ, ಅಲ್ಲಿ. ಕುಣಿಯಿಂದ ಏಳುವಾಗ ಒಳಗೆ ಏನೋ ಜಾರಿ ಮತ್ತೆ ಕೂತ ಹಾಗಾಗುತ್ತಿತ್ತು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಬೇಕಾದರೆ ಮೊದಲು ಉಸಿರು ಬಿಗಿಹಿಡಿಯಬೇಕು. ಬರಬರುತ್ತ ಕೂತರೆ ನೋವು, ನಿಂತರೆ ನೋವು, ಕೂಸನ್ನು ಎತ್ತಿಕೊಂಡರೆ ಕಣ್ಣು ಕತ್ತಲೆ. ಯಾರಿಗೂ ಹೇಳುವ ಹಾಗಿಲ್ಲ. ಊರ ಮಂದಿಯ ನಡು ನೆಟ್ಟಗೆ ಮಾಡುವವಳ ನಡುವೇ ಬಿದ್ದಿದೆ ಎಂದರೆ ನಗದೆ ಇರುತ್ತಾರೆಯೇ? ಹಲ್ಲು ಕಚ್ಚಿಕೊಂಡು ಒದೆಯುತ್ತಿದ್ದೆ, ಒದ್ದು ಒಳಗೆ ಹೋಗಿ ಗೋಡೆ ಹಿಡಿದು ನಿಲ್ಲುತ್ತಿದ್ದೆ. ಗಂಡನಿಗೆ ಗೊತ್ತಾಯಿತು, ಆಮೇಲೆ ಅತ್ತೆಗೂ ಗೊತ್ತಾಯಿತು. ಉಪ್ಪಿನ ಗಂಟು ಬಿಸಿ ಮಾಡಿ ಇಟ್ಟದ್ದಾಯಿತು, ಎಣ್ಣೆ ಹಚ್ಚಿ ತಿಕ್ಕಿದ್ದಾಯಿತು, ಯಾವುದೋ ಸೊಪ್ಪು ಅರೆದು ಮೆತ್ತಿದ್ದಾಯಿತು. ತಿಕ್ಕಿದಷ್ಟೂ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಕಡೆಗೆ ಅತ್ತೆಯೇ ಒಂದು ಉಪಾಯ ಹೇಳಿದಳು. ನನ್ನ ಕಾಲು ನನ್ನ ಬೆನ್ನಿಗೆ ಮುಟ್ಟುವುದಿಲ್ಲ, ನಿಜ. ಆದರೆ ಮುಧೋಳದಲ್ಲಿ ನನ್ನ ಹಾಗೆಯೇ ಹುಟ್ಟಿದ ಒಬ್ಬ ಮುದುಕ ಇದ್ದಾನಲ್ಲ, ಗರಡಿಯಲ್ಲಿ ಹುಡುಗರಿಗೆ ಕುಸ್ತಿ ಕಲಿಸುವವ. ತವರಿಗೆ ಹೋದ ಹಾಗೆ ಮಾಡಿ ಅವನಿಂದ ಒದೆಸಿಕೊಂಡು ಬಾ ಎಂದಳು. ನಾನೂ ಹೋದೆ. ಅವನಿಗೆ ನನ್ನ ಗುರುತು ಸಿಗಬಾರದೆಂದು ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಗರಡಿಯ ಮುಂದಿನ ಬೇವಿನ ಮರ ಹಿಡಿದು ಬಗ್ಗಿದೆ. ನಾನು ಒದೆಯುವುದು ಹೂ ಇಟ್ಟ ಹಾಗೆ. ಆ ಪೈಲವಾನ ಎದುರಾಳಿಯನ್ನು ಅಖಾಡದಿಂದ ಹೊರಗೆ ಹಾಕುವವನ ಹಾಗೆ ಒದ್ದ. ನಾನು ಮರ ತಬ್ಬಿಕೊಂಡು ಕೂತುಬಿಟ್ಟೆ. ಅವನು ಬಹಳ ಮರ್ಯಾದೆಯಿಂದ, ಇನ್ನೊಂದು ಹಾಕಲೇ ಎಂದು ಕೇಳಿದ. ನನ್ನನ್ನು ತವರಿನವರು ಎತ್ತಿಕೊಂಡು ಹೋದರು, ಆಮೇಲೆ ಚಕ್ಕಡಿಯಲ್ಲಿ ಹುಲ್ಲು ಹಾಸಿ ಬನಹಟ್ಟಿಗೆ ತಂದು ಇಳಿಸಿದರು.

ಅವತ್ತಿನಿಂದ ನಾನು ಕುಣಿಗೆ ಇಳಿಯುವುದು ನಿಂತಿತು. ಮಳೆಗಾಲ ಶುರುವಾಗಿತ್ತು. ನಮ್ಮ ಮನೆಯಲ್ಲಿ ಒಂದು ರೂಢಿ: ದಸರೆಯಲ್ಲಿ ಖಂಡೇನವಮಿಯ ದಿನ ಮಗ್ಗದ ಪೂಜೆ ಆಗಬೇಕಾದರೆ ಅದರ ಮೇಲೆ ಉದ್ದೆಳೆಯ ಹಾಸು ಇರಬೇಕು, ಆ ದಿನ ಬೆಳಿಗ್ಗೆ ಒಂದು ಗೇಣಾದರೂ ನೇಯ್ದಿರಬೇಕು. ನೇಯುವವರಿಲ್ಲದ ಕುಣಿಯನ್ನು ಬಾಯಿ ತೆರೆದ ಹಾಗೆ ಬಿಡಬಾರದು, ಮುಚ್ಚಬೇಕು. ಮಾವನ ಕುಣಿ ನಾನು ಇಳಿದು ಕೂತದ್ದರಿಂದ ಉಳಿದಿತ್ತು. ಈಗ ಅತ್ತೆ ಕೆರೆಯ ಮಣ್ಣು ತರಿಸಿ ಬಾಗಿಲ ಪಕ್ಕ ಗುಡ್ಡೆ ಹಾಕಿಸಿದಳು. ಅವಳಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ಅವಳ ಲೆಕ್ಕದಲ್ಲಿ ಅದು ನನ್ನ ಒಳ್ಳೆಯದಕ್ಕೇ.

'ಮಗ್ಗ ಬಿಟ್ರ ಏನಾತು? ಟೊಂಕಕ್ಕ ಆರಾಮ ಆಗತೈತಿ. ವಾರಕ್ಕೊಮ್ಮಿ ನಿಂತು ನಾಕ ಮಂದಿಗಿ ಕಾಲ ಹಚ್ಚು, ಸಾಕು. ಮಗ್ಗ ಯಾರರ ನೇಯ್ತಾರ, ನಿನ್ನ ಕಾಲ ಯಾರಿಗಿ ಬರತೈತಿ?' ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಮಲಗಿದಲ್ಲಿಂದಲೇ ಆ ಮಣ್ಣಿನ ಗುಡ್ಡೆ ಕಾಣುತ್ತಿತ್ತು. ಕೋಳಿಗಳು ಅದರ ಮೇಲೆ ಹತ್ತಿ ಕೆದರುವಾಗ ನನ್ನ ಎದೆಯ ಮೇಲೆಯೇ ಕೆದರಿದ ಹಾಗಾಗಿ, ಎದ್ದು ಓಡಿಸಲೂ ಆಗದೆ ಬೈಯುತ್ತಿದ್ದೆ. ಖಂಡೇನವಮಿಯ ಹೊತ್ತಿಗೆ ಆ ಕುಣಿಯಲ್ಲಿ ಕೂತು ಒಂದು ಗೇಣು ನೇಯುತ್ತೇನೆ, ಇಲ್ಲವಾದರೆ ಆ ಮಣ್ಣನ್ನು ನನ್ನ ಮೇಲೆಯೇ ಎಳೆಯಿರಿ ಎಂದು ಗಂಡನಿಗೆ ಹೇಳಿದೆ. ಎರಡು ದಿನ ಬಿಟ್ಟು ಅವರು ಒಂದು ಸುದ್ದಿ ತಂದರು. ಮೇಲಿನ ಓಣಿಯ ಬಣ್ಣಗಾರನಿಗೆ ತೊಡೆಸಂದಿಯಲ್ಲಿ ಕರುಳು ಇಳಿಯುತ್ತಿತ್ತಂತೆ. ಜಮಖಂಡಿಯಲ್ಲಿ ಒಬ್ಬ ಡಾಕ್ಟರು ಕತ್ತಿ ಮುಟ್ಟಿಸದೆ, ಬರೀ ಸೂಜಿಮದ್ದು ಕೊಟ್ಟು ಆ ಸಡಿಲ ಜಾಗ ಗಟ್ಟಿ ಮಾಡಿದರಂತೆ. ಸಡಿಲಾದದ್ದನ್ನು ಗಟ್ಟಿ ಮಾಡುವ ಔಷಧ ಇದ್ದರೆ ನಿನ್ನದನ್ನೂ ತೋರಿಸೋಣ ಎಂದರು. ಅವರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಅತ್ತೆ ಅಡ್ಡ ನಿಂತಳು. 'ಊರ ಮಂದಿ ಟೊಂಕ ನೆಟ್ಟಗ ಮಾಡಾಕಿ ತಾನಽ ಸೂಜಿ ಚುಚ್ಚಿಸಿಕೊಂಡ್ಳು ಅಂದ್ರ, ನಾಳಿಗಿ ನಮ್ಮ ಬಾಗಲಕ ಯಾರ ಬರ್ತಾರ?'

'ಯಾರೂ ಬರೂದ ಬ್ಯಾಡ್ರಿ ಅತ್ತಿ,' ಎಂದೆ. 'ನಾ ಕುಣಿಗಿ ಹೋಗಬೇಕು.'

ಆಗ ಎರಡನೆಯ ದೊಡ್ಡ ಯುದ್ಧ ಮುಗಿಯುತ್ತ ಬಂದ ಕಾಲ. ಜಮಖಂಡಿಗೆ ಇದ್ದಿಲ ಹೊಗೆಯಿಂದ ಓಡುವ ಸರ್ವಿಸ್ ಮೋಟಾರು ಇತ್ತು, ಆದರೆ ಏರಿನಲ್ಲಿ ಅದು ನಿಂತರೆ ಎಲ್ಲರೂ ಇಳಿದು ತಳ್ಳಬೇಕಾಗುತ್ತಿತ್ತು. ಅದಕ್ಕಿಂತ ಚಕ್ಕಡಿಯೇ ಮೇಲೆಂದು ಹಾಸಿಗೆ ಹಾಕಿಕೊಂಡು ಹೋದೆವು.

ಆ ಡಾಕ್ಟರು ಜಮಖಂಡಿಯಲ್ಲಿ ಹೆಸರಾದದ್ದು ಮೂಲವ್ಯಾಧಿಗೆ. ಅದನ್ನೂ ಅವರು ಸೂಜಿಯಿಂದಲೇ ಒಣಗಿಸುತ್ತಿದ್ದರು. ದವಾಖಾನೆಯ ಪಡಸಾಲೆಯಲ್ಲಿ ಬಂದವರು ಕೂಡಲೆಂದು ಉದ್ದನೆಯ ಬಾಕು ಹಾಕಿದ್ದರು. ಅದರ ಮೇಲೆ ಒಬ್ಬರೂ ಕೂತಿರಲಿಲ್ಲ. ಕೂಡಲಾಗದವರೆಲ್ಲ ಗೋಡೆಗೆ ಒರಗಿ ನಿಂತಿದ್ದರು. ನನಗೂ ಕೂಡಲು ಆಗುತ್ತಿರಲಿಲ್ಲ, ನಾನೂ ನಿಂತೆ. ಅಷ್ಟು ದೊಡ್ಡ ಬಾಕು ಖಾಲಿ ಬಿದ್ದು, ಅಷ್ಟು ಜನ ಒಬ್ಬರ ಮುಖ ಒಬ್ಬರು ನೋಡದೆ ನಿಂತದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ.

ಡಾಕ್ಟರು ವಯಸ್ಸಾದವರು, ಮಾತು ಮೃದು, ಬೆರಳು ಮಾತ್ರ ಕಬ್ಬಿಣ. ಮಲಗಿಸಿ ಒಂದೊಂದೇ ಕಾಲು ಎತ್ತಿಸಿ ನೋಡಿದರು. ಟೊಂಕದ ಸುತ್ತ ಒತ್ತುತ್ತ ಬಂದು ಆ ಗುಳಿಯ ಮೇಲೆ ಹೆಬ್ಬೆಟ್ಟು ಇಟ್ಟಾಗ ನಾನು ಕೂಗಿದ್ದು ಹೊರಗೆ ನಿಂತವರಿಗೆಲ್ಲ ಕೇಳಿಸಿತು. ಏನು ಕೆಲಸ ಮಾಡುತ್ತೀ ಎಂದು ಕೇಳಿದರು. ಮಗ್ಗ ಎಂದೆ. ಮತ್ತೇನು ಎಂದರು. ಮುಚ್ಚಿಟ್ಟು ಏನು ಮಾಡುವುದು, ಕಾಲಿನ ಕಥೆ ಹೇಳಿದೆ. ಅವರು ನಗಲಿಲ್ಲ. ಹೇಗೆ ಒದೆಯುತ್ತೀ ತೋರಿಸು ಎಂದರು. ನಾನು ಅವರ ಔಷಧದ ಕಪಾಟಿನ ಮುಂದೆ ಬಲಗಾಲ ಮೇಲೆ ನಿಂತು, ನಡು ತಿರುವಿ, ಎಡಗಾಲು ಬೀಸಿ ತೋರಿಸಿದೆ. ಬಲಗಡೆಯ ಗುಳಿಯಲ್ಲಿ ಸಳಕ್ಕೆಂದಿತು. ಡಾಕ್ಟರು ಅಲ್ಲಿಯೇ ಬೆರಳಿಟ್ಟು, ಇಲ್ಲಿ ತಾನೆ ಎಂದರು. ಅಲ್ಲೇ.

'ನೋಡು ತಂಗಿ,' ಎಂದರು, 'ಎಲಬಿಗಿ ಎಲಬ ಕಟ್ಟಿಟ್ಟ ಹುರಿ ಇರ್ತಾವು. ಹಡಿಯೂ ಮುಂದ ಅವು ಸಡಲ ಆಗ್ತಾವು, ಆಮ್ಯಾಲ ತಾವಽ ಬಿಗಿತಾವು. ನಿನ್ನವು ಬಿಗದಿಲ್ಲ. ಬಿಗಿಯಾಕ ನೀ ಬಿಟ್ಟಿಲ್ಲ. ಇಡೀ ಮೈಭಾರ ಅದರ ಮ್ಯಾಲ ಹಾಕಿ ವಾರಾ ವಾರಾ ತಿರುವಾಕತ್ತಿ.'

ಸೂಜಿಮದ್ದು ನೋವು ಕೊಲ್ಲುವುದಕ್ಕಲ್ಲ ಎಂದು ಅವರು ಬಿಡಿಸಿ ಹೇಳಿದರು. ಅದು ಆ ಹುರಿಯನ್ನು ಕೆಣಕುತ್ತದೆ. ಕೆಣಕಿದ ಜಾಗ ಬಾತುಕೊಳ್ಳುತ್ತದೆ, ಉರಿಯುತ್ತದೆ. ಮೈ ಅಲ್ಲಿಗೆ ರಕ್ತ ಕಳಿಸಿ ತಾನೇ ಹೊಸ ಎಳೆ ಹಾಕಿ ಗಟ್ಟಿ ಮಾಡುತ್ತದೆ. ಕೆಲವು ವಾರಕ್ಕೊಮ್ಮೆ ಹೀಗೆ ಹಲವು ಸಲ ಮಾಡಬೇಕು. ಕರುಳು ಇಳಿದವರಿಗೆ ಬಹಳ ಸಲ ಮಾಡಿದ್ದೇನೆ, ಟೊಂಕಕ್ಕೆ ಮಾಡಿದ್ದು ಕಡಿಮೆ, ಎಲ್ಲರಿಗೂ ಗುಣವಾಗಿಲ್ಲ, ಅದನ್ನೂ ತಿಳಿದುಕೋ ಎಂದರು. ನೂಲಿಗೆ ಗಂಜಿ ಹಾಕಿದ ಹಾಗೆ ಎಂದು ನಾನು ಮನಸ್ಸಿನಲ್ಲಿ ತಿಳಿದುಕೊಂಡೆ. ಗಂಜಿ ಕುಡಿದ ಎಳೆ ಒಣಗುವವರೆಗೆ ಮುಟ್ಟಬಾರದು, ಒಣಗಿದ ಮೇಲೆ ಎಷ್ಟು ಎಳೆದರೂ ತಡೆಯುತ್ತದೆ. ಇಷ್ಟು ಸರಳವಾದದ್ದಕ್ಕೆ ಅಷ್ಟು ದಿನ ಎಣ್ಣೆ ತಿಕ್ಕಿದೆವಲ್ಲ ಎಂದು ಸಂಕಟವಾಯಿತು.

'ಒಂದ ಮಾತು,' ಎಂದರು ಡಾಕ್ಟರು. 'ಒಂಟಿಗಾಲ ಮ್ಯಾಲ ನಿಂತು ಒದಿಯೂದು ಇನ್ನ ಮುಗೀತು. ಮಗ್ಗನೂ ಬೇಕು, ಅದೂ ಬೇಕು ಅಂದ್ರ ಆಗಂಗಿಲ್ಲ. ಯಾವದರ ಒಂದು.'

'ಮಗ್ಗರೀ,' ಎಂದೆ. ಅವರ ಮಾತು ಮುಗಿದಿತ್ತೋ ಇಲ್ಲವೋ.

ಸೂಜಿ ನನ್ನ ಗೇಣುದ್ದ ಇತ್ತು ಎಂದು ಊರಲ್ಲಿ ಹೇಳಿಕೊಂಡು ತಿರುಗಿದ್ದೇನೆ; ಅಷ್ಟಿರಲಿಕ್ಕಿಲ್ಲ. ಆದರೆ ಅದು ಮಾಂಸ ದಾಟಿ ಎಲುಬಿಗೆ ಹೋಗಿ ತಾಗಿದ್ದು ಮಾತ್ರ ಸುಳ್ಳಲ್ಲ. ಔಷಧ ಇಳಿದಾಗ ಮೆಣಸಿನಕಾಯಿ ಅರೆದು ತುಂಬಿದ ಹಾಗಾಯಿತು. ಒಂದು ಕಡೆ ಅಲ್ಲ, ಗುಳಿಯ ಸುತ್ತ ಹಲವು ಕಡೆ. ಚಕ್ಕಡಿಯಲ್ಲಿ ಬೋರಲು ಮಲಗಿ ಊರಿಗೆ ಬಂದೆ. ಬಂದ ಮೇಲೆ ಡಾಕ್ಟರು ಹೇಳಿದ ಹಾಗೆಯೇ ಬಾವು ಬಂತು, ಜ್ವರ ಬಂದ ಹಾಗೆ ಆ ಜಾಗ ಬಿಸಿಯೇರಿತು. ಅತ್ತೆ ಅರಿಶಿಣದ ಪಟ್ಟು, ಕಾದ ಇಟ್ಟಿಗೆ ಎರಡನ್ನೂ ಹಿಡಿದು ಬಂದಳು. ಈ ಬಾವು ನನ್ನ ಕೆಲಸಗಾರ, ಇದನ್ನು ಯಾರೂ ಓಡಿಸಬೇಡಿ ಎಂದು ನಾನು ಹಟ ಹಿಡಿದೆ. ಅವಳು ಇಟ್ಟಿಗೆಯನ್ನು ಅಂಗಳಕ್ಕೆ ಒಗೆದು ಹೋದಳು.

ಟೊಂಕಕ್ಕೆ ಅಗಲವಾದ ಪಟ್ಟಿ ಬಿಗಿಯಬೇಕೆಂದು ಡಾಕ್ಟರು ಹೇಳಿದ್ದರು. ನನ್ನ ಗಂಡ ತಮ್ಮ ಮಗ್ಗದ ಮೇಲೆ ಒಂದು ಅಂಗೈ ಅಗಲದ, ದಪ್ಪ ನೂಲಿನ ಪಟ್ಟಿ ನೇಯ್ದರು. ಎರಡೂ ಅಂಚಿಗೆ ನಾನು ನೇಯುತ್ತಿದ್ದ ದಡಿಯನ್ನೇ ಹಾಕಿದ್ದರು. ಸೀರೆಯ ಒಳಗೆ ಕಟ್ಟುವ ಪಟ್ಟಿಗೆ ದಡಿ ಯಾಕೆ, ಯಾರು ನೋಡುತ್ತಾರೆ ಎಂದು ಕೇಳಿದೆ. ನಿನಗೆ ಗೊತ್ತಿರುತ್ತದಲ್ಲ ಎಂದರು. ನನಗೆ ಅಳು ಬಂತು, ನೋವಿನದೆಂದು ಹೇಳಿ ತಪ್ಪಿಸಿಕೊಂಡೆ.

ಇಷ್ಟರಲ್ಲಿ ಓಣಿಯ ಹೆಂಗಸರು ನನ್ನನ್ನು ನೋಡಲು ಬರತೊಡಗಿದರು. ಒಬ್ಬಳು ಮಜ್ಜಿಗೆ ತಂದಳು. ಇನ್ನೊಬ್ಬಳು ಸುವರ್ಣಗಡ್ಡೆ ತಂದು ಹುಳಿ ಮಾಡಿ ತಿನ್ನು ಎಂದಳು. ಮತ್ತೊಬ್ಬಳು ದನಿ ಇಳಿಸಿ, ರಕ್ತ ಬೀಳುತ್ತದೆಯೇ ಎಂದು ಕೇಳಿದಳು. ಆಗ ನನಗೆ ಬೆಳಕಾಯಿತು. ಕಾಲಿನ ಮಾನ ಉಳಿಸಲು ಅತ್ತೆ, ಸೊಸೆಗೆ ಮೂಲವ್ಯಾಧಿ ಎಂದು ಓಣಿಯಲ್ಲೆಲ್ಲ ಹೇಳಿಬಿಟ್ಟಿದ್ದಳು! ಜಮಖಂಡಿಯ ಡಾಕ್ಟರ ಹೆಸರಿಗೂ ಅದು ಸರಿಹೊಂದಿತ್ತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅತ್ತೆಯನ್ನು ಕೇಳಿದರೆ, ಮೂಲವ್ಯಾಧಿ ರಾಜರಿಗೂ ಬರುತ್ತದೆ, ಕಾಲು ಮುಂದಾಗಿ ಹುಟ್ಟಿದವಳಿಗೆ ಟೊಂಕದ ನೋವು ಬಂದರೆ ಅದು ನಗೆಪಾಟಲು ಎಂದು ತಣ್ಣಗೆ ಹೇಳಿದಳು. ಸಿಟ್ಟಿನ ನಡುವೆಯೇ ನಗು ಬಂತು. ಸುವರ್ಣಗಡ್ಡೆಯ ಹುಳಿ ಚೆನ್ನಾಗಿತ್ತು ಎಂಬುದನ್ನೂ ಹೇಳಬೇಕು.

ಎರಡನೆಯ ಸಲದ ಸೂಜಿಯೂ ಆಯಿತು. ಮೊದಲಿಗಿಂತ ನೋವು ಕಡಿಮೆಯೇನಲ್ಲ, ಆದರೆ ಬಾವು ಇಳಿದ ಮೇಲೆ ಮಗ್ಗುಲು ತಿರುಗುವಾಗ ಉಸಿರು ಹಿಡಿಯುವುದನ್ನು ಮರೆತಿದ್ದೆ. ಮರೆತದ್ದು ಗೊತ್ತಾದದ್ದು ತಿರುಗಿದ ಮೇಲೆ. ಯಾರಿಗೂ ಹೇಳಲಿಲ್ಲ, ಕಣ್ಣು ಬಿದ್ದೀತೆಂದು.

ಮುಂದಿನ ಸಲ ಜಮಖಂಡಿಗೆ ಹೊರಡುವ ದಿನ ಬೆಳಿಗ್ಗೆ ನೂಲಿನ ಸಾವಕಾರರು ಬಂದರು. ಸ್ಥೂಲ ದೇಹ. ಅಂಗಡಿಯ ಗಾದಿಯಿಂದ ಏಳುವಾಗ ಚಳಕು ಹಿಡಿದು, ಇಬ್ಬರು ಆಳುಗಳ ಮೇಲೆ ಭಾರ ಹಾಕಿಕೊಂಡು, ಅಯ್ಯೋ ಅಪ್ಪಾ ಎನ್ನುತ್ತ ಬಂದು ನಮ್ಮ ಕಂಬ ಹಿಡಿದರು. ಆಗ ಯುದ್ಧದ ದೆಸೆಯಿಂದ ನೂಲು ಸರಕಾರದ ಕಂಟ್ರೋಲಿನಲ್ಲಿತ್ತು, ಊರಿನ ಮಗ್ಗಗಳೆಲ್ಲ ನೂಲಿಗೆ ಬಾಯಿಬಿಡುತ್ತಿದ್ದವು. ಅಂಥಲ್ಲಿ ನಮಗೆ ತಪ್ಪದೆ ನೂಲು ಕೊಡುತ್ತಿದ್ದವರು ಅವರು. ಅತ್ತೆ ಒಳಗೆ ಬಂದು ನನ್ನ ಗದ್ದ ಹಿಡಿದಳು. ಒಂದೇ ಒಂದು ಸಲ, ಇವರೊಬ್ಬರಿಗೆ, ಮೆಲ್ಲಗೆ ಮುಟ್ಟಿಸಿದರೆ ಸಾಕು ಎಂದು ಬೇಡಿದಳು.

ನಾನು ಹೊಸ್ತಿಲವರೆಗೆ ಹೋದೆ. ಸಾವಕಾರರು ಬಗ್ಗಿ ಕಾಯುತ್ತಿದ್ದಾರೆ. ಪಕ್ಕದಲ್ಲಿ ಆ ಮಣ್ಣಿನ ಗುಡ್ಡೆ. ಮೆಲ್ಲಗೆ ಒದ್ದರೂ ನಿಲ್ಲಬೇಕಾದದ್ದು ಆ ಬಲಗಾಲ ಮೇಲೆಯೇ. ನನಗೆ ಹೆದರಿಕೆಯಾದದ್ದು ಅವರದಲ್ಲ, ನನ್ನದೇ. ಎಲ್ಲಿ ಒಪ್ಪಿಬಿಡುತ್ತೇನೋ ಎಂದು.

'ಸಾವಕಾರ್ರ, ನನಗ ಒದಿಯಾಕ ಆಗಂಗಿಲ್ರಿ,' ಎಂದೆ. 'ನನ್ನ ಟೊಂಕನಽ ಸಡಲ ಆಗೇತಿ. ಮೂಲವ್ಯಾಧಿ ಅಲ್ಲ, ಟೊಂಕ. ಜಮಖಂಡಿಗಿ ಸೂಜಿ ಮಾಡಿಸಿಕೊಳ್ಳಾಕ ಹೊಂಟೇನಿ. ನೀವೂ ಗಾಡಿ ಹತ್ರಿ, ಡಾಕ್ಟರು ನಿಮ್ಮನ್ನೂ ನೋಡ್ತಾರ.'

ಓಣಿಯೆಲ್ಲ ಕೇಳಿಸಿಕೊಂಡಿತು. ಅತ್ತೆ ಸೆರಗು ಬಾಯಿಗೆ ಹಿಡಿದಳು. ಸಾವಕಾರರು ಬಗ್ಗಿದಲ್ಲಿಂದಲೇ ಕತ್ತು ಹೊರಳಿಸಿ ನನ್ನನ್ನು ನೋಡಿದರು. ಬೇರೆ ದಾರಿ ಇರಲಿಲ್ಲ, ಗಾಡಿ ಹತ್ತಿದರು. ಸಾವಕಾರರನ್ನು ಹಾಗೆ ಒಬ್ಬರನ್ನೇ ಕಳಿಸಿದರೆ ಚೆನ್ನಾಗಿರುವುದಿಲ್ಲವೆಂದು ಅತ್ತೆಯೂ ಹತ್ತಿದಳು. ಗಂಡ ಎತ್ತು ಹೊಡೆದರು.

ದಾರಿಯುದ್ದಕ್ಕೂ ಸಾವಕಾರರು ನರಳಿದರು, ಅತ್ತೆ ನನ್ನ ಜೊತೆ ಮಾತು ಬಿಟ್ಟಳು. ಒಂದು ಹಳ್ಳ ದಾಟಬೇಕು. ನೀರು ಇಳಿದು ಕಲ್ಲು ಎದ್ದಿದ್ದವು. ಎತ್ತು ಜಗ್ಗಿದ ರಭಸಕ್ಕೆ ಗಾಲಿ ಒಂದು ಗುಂಡುಕಲ್ಲಿನ ಮೇಲೆ ಹತ್ತಿ ದಡಕ್ಕನೆ ಕೆಳಗೆ ಬಿತ್ತು. ಎಲ್ಲರೂ ಹಾರಿ ಬಿದ್ದೆವು. ಸಾವಕಾರರ ಬೆನ್ನಿನಲ್ಲಿ ಟಕ್ಕೆಂದದ್ದು ನನಗೂ ಕೇಳಿಸಿತು. ಅವರು ಚೀರಿದರು, ಆಮೇಲೆ ಮೆಲ್ಲಗೆ ನೆಟ್ಟಗೆ ಕೂತರು. ಎಡಕ್ಕೆ ಹೊರಳಿದರು, ಬಲಕ್ಕೆ ಹೊರಳಿದರು. ಚಳಕು ಬಿಟ್ಟಿತ್ತು. ಅವರು ಗಾಲಿಗೆ ಕೈಮುಗಿಯಬೇಕಾಗಿತ್ತು; ಮುಗಿದದ್ದು ನನ್ನ ಕಾಲಿಗೆ. ಈಕೆ ಪಕ್ಕದಲ್ಲಿ ಕೂತರೆ ಸಾಕು, ಒದೆಯುವುದೂ ಬೇಡ ಎಂದರು. ಅತ್ತೆಯ ಮುಖ ಊರಗಲವಾಯಿತು.

ನಾನು ಅದನ್ನೆಲ್ಲ ಅರ್ಧ ಕಿವಿಯಿಂದ ಕೇಳುತ್ತಿದ್ದೆ. ಆ ಗಾಲಿ ಬಿದ್ದಾಗ ನನ್ನ ಗುಳಿ ಮಿಸುಕಿರಲಿಲ್ಲ. ಜಾರುತ್ತಿದ್ದ ಜಾಗ ಜಾರಿರಲಿಲ್ಲ. ಬಾಗಿಲಿಗೆ ಅಗಳಿ ಹಾಕಿದ ಹಾಗೆ ಅಲ್ಲೇ ನಿಂತಿತ್ತು. ಸೀರೆಯ ಮೇಲಿಂದಲೇ ಪಟ್ಟಿಯ ದಡಿ ಮುಟ್ಟಿ ನೋಡಿಕೊಂಡೆ. ಮುಂದೆ ಕೂತ ಗಂಡನ ಬೆನ್ನಿಗೆ ಬೆರಳಿನಿಂದ ತಿವಿದೆ. ಅವರು ತಿರುಗಿ ನೋಡಿದರು. ನಾನು ತಲೆ ಆಡಿಸಿದೆ. ಅವರಿಗೆ ತಿಳಿಯಿತು.

ಸಾವಕಾರರು ದವಾಖಾನೆಯ ಒಳಗೆ ಬರಲೇ ಇಲ್ಲ, ಹೊರಗೆ ಗಾಡಿಯಲ್ಲಿ ಕೂತು ಚುರುಮುರಿ ತಿಂದರು. ಅತ್ತೆ ಬಂದಳು. ಸೂಜಿ ಕೊಡುವಾಗ ಕಾಲು ಅಲುಗಬಾರದು, ಗಟ್ಟಿಯಾಗಿ ಹಿಡಿಯಿರಿ ಎಂದು ಡಾಕ್ಟರು ಅವಳಿಗೆ ಹೇಳಿದರು. ಅತ್ತೆಯಾದವಳು ಸೊಸೆಯ ಪಾದ ಹಿಡಿಯುವುದೆಂದರೇನು! ನಾನು ಬೇಡವೆಂದೆ. ಅವಳು ಕೇಳಲಿಲ್ಲ, ಎರಡೂ ಪಾದಗಳನ್ನು ಎದೆಗೆ ಅವಚಿ ಹಿಡಿದಳು. ಸೂಜಿ ಎಲುಬಿಗೆ ತಾಗಿದಾಗ ನಾನು ಹಲ್ಲು ಕಚ್ಚಿದೆ. ಅವಳು ಹಿಡಿತ ಇನ್ನೂ ಬಿಗಿ ಮಾಡಿದ್ದು ನನ್ನ ಅಂಗಾಲಿಗೆ ಗೊತ್ತಾಯಿತು. ಹಿಂದಿನ ಎರಡು ಸಲವೂ ಹೀಗೇ ಚುಚ್ಚಿದಿರಾ ಎಂದು ಡಾಕ್ಟರನ್ನು ಕೇಳಿದಳು. ಹೌದೆಂದರು. ಮನೆಗೆ ಬಂದು ನನ್ನನ್ನು ಮಲಗಿಸಿ, ತಾನು ಹೋಗಿ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತತೊಡಗಿದಳು. ಗಂಡನ ಮಗ್ಗಕ್ಕೆ ಬೇಕಾದ ಕಂಡಿಕೆ ಆಗಲೇ ಬುಟ್ಟಿ ತುಂಬ ಇದ್ದವು.

ಆ ಮೇಲೂ ಸೂಜಿಗಳು ಆದವು. ಡಾಕ್ಟರು ಮೊದಲು ನಡೆ ಎಂದರು, ನಡೆದೆ. ಆಮೇಲೆ ಸ್ವಲ್ಪ ಸ್ವಲ್ಪ ಕೂಡು ಎಂದರು, ಕೂತೆ. ಕೂಸನ್ನು ಎತ್ತಿಕೊಂಡು ಬಾವಿಯವರೆಗೆ ಹೋಗಿ ಬಂದ ದಿನ ಓಣಿಯವರೆಲ್ಲ ನೋಡಲೆಂದು ಬೇಕೆಂದೇ ಸುತ್ತು ಹಾಕಿಕೊಂಡು ಬಂದೆ. ಮಹಾನವಮಿ ಹತ್ತಿರ ಬಂದಾಗ ಗಂಡ ನನ್ನ ಮಗ್ಗಕ್ಕೆ ಹಾಸು ಏರಿಸಿದರು.

ಖಂಡೇನವಮಿಯ ಬೆಳಿಗ್ಗೆ ಮಿಂದು ಬಂದೆ. ಅತ್ತೆ ಬಾಗಿಲ ಪಕ್ಕದ ಆ ಮಣ್ಣನ್ನು ನೀರು ಹಾಕಿ ಕಲಸುತ್ತಿದ್ದಳು. ಕುಣಿ ಮುಚ್ಚಿಯೇಬಿಡುತ್ತಾಳೆ ಎಂದುಕೊಂಡೆ. ಅವಳು ಆ ಮಣ್ಣಿನ ಮುದ್ದೆ ತಂದು, ಮಳೆಗಾಲದಲ್ಲಿ ಕುಸಿದಿದ್ದ ನನ್ನ ಕುಣಿಯ ಅಂಚಿಗೆ ಮೆತ್ತಿ, ಅಂಗೈಯಿಂದ ಸವರಿ ನಯ ಮಾಡಿದಳು. ಹಸಿ ಇದೆ, ಕೈ ಊರಬೇಡ, ಕೈ ಊರದೆ ಇಳಿ ನೋಡೋಣ ಎಂದಳು. ಇಳಿದೆ. ಕೈ ಊರದೆ ಇಳಿದು ಕೂತೆ. ಎರಡೂ ಕಾಲು ಹಲಗೆಯ ಮೇಲೆ ಇಟ್ಟೆ. ಎಡಕ್ಕೆ ತುಳಿದೆ, ಬಲಕ್ಕೆ ತುಳಿದೆ, ಲಾಳಿ ಎಸೆದೆ. ಗುಳಿ ನನ್ನ ಹಿಡಿತದಲ್ಲಿತ್ತು. ಒಂದು ಗೇಣು ನೇಯಬೇಕಿತ್ತು; ಪೂಜೆಗೆ ಹೊತ್ತಾಯಿತೆಂದು ಕೂಗುವವರೆಗೆ ನಾನು ನಿಲ್ಲಿಸಲೇ ಇಲ್ಲ. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಸಾವಕಾರರ ದೆಸೆಯಿಂದ ನನ್ನ ಕಾಲಿನ ಹೆಸರು ಮೊದಲಿಗಿಂತ ದೊಡ್ಡದಾಗಿತ್ತು. ದಸರೆ ಕಳೆದ ಮೊದಲ ಭಾನುವಾರ ಸಾವಳಗಿಯಿಂದಲೂ ಬೀಳಗಿಯಿಂದಲೂ ಗಾಡಿ ಬಂದವು. ನಾನು ಕುಣಿಯಲ್ಲಿದ್ದೆ. ಹೊರಗೆ ನರಳುವ ದನಿ ಕೇಳಿ ನನ್ನ ಲಾಳಿ ತಾನಾಗಿಯೇ ನಿಂತಿತು. ಅತ್ತೆ ಬಾಯಲ್ಲಿ ಎಲೆ ಇಟ್ಟುಕೊಂಡು ಹೊರಗೆ ಹೋದವಳು ಹೊಸ್ತಿಲಿಗೆ ಅಡ್ಡ ನಿಂತಳು. ಈ ಕಾಲನ್ನು ಒದೆ ತಿಂದು ಆರಿಸಿ ತಂದವಳು ಅವಳು. ಎಂಟೂರಿನ ಮುಂದೆ ಅದರಿಂದ ತಲೆಯೆತ್ತಿ ನಡೆದವಳು. ಏನು ಹೇಳುತ್ತಾಳೋ ಎಂದು ನಾನು ಉಸಿರು ಬಿಗಿಹಿಡಿದು ಕೇಳಿದೆ.

'ಆ ಕಾಲ ಈಗ ಖಾಲಿ ಇಲ್ರೀ. ಮಗ್ಗದ ಮ್ಯಾಲೈತಿ,' ಎಂದಳು. 'ಟೊಂಕ ನೂಸಾಕತ್ತಿದ್ರ ಜಮಖಂಡಿಗಿ ಹೋಗ್ರಿ. ನನ್ನ ಸೊಸಿ ಅಲ್ಲೇ ಆರಾಮ ಆದ್ಳು.'

ಆಮೇಲೆ ಒಳಗೆ ತಿರುಗಿ, ಮಗ್ಗ ಯಾಕೆ ನಿಂತಿತು ಎಂದು ಗದರಿಸಿದಳು. ನಾನು ಹಲಗೆ ತುಳಿದೆ.